ಮಲ್ಲಿಯ ಅಳು

ಶಹಾಪುರದ ಡಾಕ್ಟರ್ ಗೌಹರಬೇಗಂ ಕೀವು ತೊಳೆಯುತ್ತಿದ್ದಂತೆ ಅಂಗಾಲಿನಿಂದ ಹೆಬ್ಬೆರಳುದ್ದದ ಜಾಲಿಮುಳ್ಳು ಹೊರಬಂತು. ಆರು ವರ್ಷದ ಮಲ್ಲಿ ಮಾತ್ರ ತಿರುಗುವ ಫ್ಯಾನು ನೋಡುತ್ತ ಆರಾಮಾಗಿ ಮಲಗಿದ್ದಳು.

"ಇಷ್ಟು ದಿನ ಇದರ ಮ್ಯಾಲೇ ನಡದಾಳೇನು?"

ತಾಯಿ ಮೋನಮ್ಮ ತಲೆ ತಗ್ಗಿಸಿದಳು. ಊರಿಗೆ ಕಾಲುವೆ ನೀರು ಬಂದ ಮೇಲೆ ಭತ್ತದ ನಾಟಿಯ ಕೂಲಿಗೆ ಬಿಡುವೇ ಇಲ್ಲ. ಮಗಳನ್ನು ಬದುವಿನ ಮೇಲೆ ಬಿಟ್ಟು ಕೆಸರಿಗಿಳಿದರೆ ಸಂಜೆಯವರೆಗೆ ತಿರುಗಿ ನೋಡಿದವಳಲ್ಲ. ಕಾಲು ಊದಿಕೊಂಡ ಮೇಲೆಯೇ ಕಂಡದ್ದು. ಕಂಡಾಗಲೂ ಮೊದಲು ಮಾಡಿದ್ದು, ಯಾಕೆ ಹೇಳಲಿಲ್ಲವೆಂದು ನಾಲ್ಕು ಬಾರಿಸಿದ್ದು.

ಡಾಕ್ಟರು ಹುಡುಗಿಯ ಕೈಗೆ, ತೊಡೆಗೆ ಸೂಜಿ ಚುಚ್ಚಿ ನೋಡಿದರು. ಅವಳು ನಕ್ಕಳು.

"ಸಂಬಂಧದಾಗ ಮದುವಿ ಆಗಿರೇನವ್ವಾ?"

"ಹೌದ್ರಿ, ಸೋದರಮಾವಗ ಕೊಟ್ಟಾರ."

"ಇದು ಹುಟ್ಟಿನಿಂದ ಬಂದ ನರದ ಬ್ಯಾನಿ. ಇಕಿಗಿ ನೋವು ಅಂಬೋದೇ ಗೊತ್ತಾಗಂಗಿಲ್ಲ. ದಿನಾ ಕೈಕಾಲು ನೀನ ನೋಡಬೇಕು. ಇಲ್ಲಂದ್ರ ಈ ಕಾಲು ಉಳಿಯಂಗಿಲ್ಲ."

ಮೋನಮ್ಮನಿಗೆ ಸಿಟ್ಟೇ ಬಂತು. "ಹೊಡದ್ರ ಅಳತಾಳ್ರಿ. ಓಣಿ ಮಂದಿ ಕೂಡಬೇಕು, ಹಂಗ ಅಳತಾಳ."

ಡಾಕ್ಟರು ಮಲ್ಲಿಯ ಕಡೆ ಬಾಗಿದರು. "ಯಾಕ ಅಳತಿ ಬೇಟಾ?"

"ನಾ ಅಳೂತನಕಾ ಅವ್ವ ಹೊಡಿಯೋದು ಬಿಡಂಗಿಲ್ರಿ." ಮಲ್ಲಿ ಚಾಡಿ ಹೇಳಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಳು ಅಷ್ಟೇ. "ಮೊದಲ ನಂಗ ಬರತಿರಲಿಲ್ಲ. ಬಾಜೂ ಮನಿ ಅನ್ವರಬಿ ಮಗಳು ಅಳೂದು ನೋಡಿ ಕಲ್ತೀನಿ."

ಹಟಮಾರಿ, ಕಣ್ಣಲ್ಲಿ ಒಂದು ಹನಿ ಇಲ್ಲ ಎಂದು ತೊಗರಿಕಟ್ಟಿಗೆ ಮುರಿಯುವವರೆಗೆ ಹೊಡೆದ ದಿನಗಳೆಲ್ಲ ಮೋನಮ್ಮನ ಕಣ್ಣಮುಂದೆ ಬಂದವು. ಒಂದು ದಿನ ಮಗಳು ಅತ್ತಾಗ, ಅಂತೂ ಬುದ್ಧಿ ಬಂತೆಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದವಳೂ ಅವಳೇ. ಇಂಥ ಕೈಗಳು ತನಗೆ ಯಾಕಾದರೂ ಇವೆಯೋ ಎನಿಸಿತು.

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ, ಪಟ್ಟಿ ಕಟ್ಟಿದ ಆ ಕಾಲನ್ನು ಮಡಿಲಲ್ಲಿಟ್ಟುಕೊಂಡು ಕುಳಿತವಳಿಗೆ ದುಃಖ ತಡೆಯಲಾಗಲಿಲ್ಲ. ಸೆರಗು ಬಾಯಿಗೊತ್ತಿಕೊಂಡರೂ ದನಿ ಹೊರಬಿತ್ತು. ಮಲ್ಲಿ ಗಾಬರಿಯಾಗಿ ಸುತ್ತ ನೋಡಿದಳು. ಹೊಡೆಯುವವರು ಯಾರೂ ಕಾಣಲಿಲ್ಲ. ಆದರೂ ತಾಯಿಯ ಕಿವಿಗೆ ಬಾಯಿಟ್ಟಳು.

"ಅವ್ವಾ, ಇನ್ನಾ ಸ್ವಲ್ಪ ಜೋರ ಅಳು. ಬಿಡ್ತಾರ."

ಅವರೂರಿಗೆ ಹೋಗುವ ವಡಗೇರಾ ಬಸ್ಸು ಬಂದು ನಿಂತಿತು. ಮಂದಿಯನ್ನು ಹತ್ತಿಸಿಕೊಂಡು ಹೊರಟೂ ಹೋಯಿತು.