ರೊಟ್ಟಿ ತೆಗೆದುಕೊಳ್ಳುವ ಕೈ

ವೊಯಿನ್ ಲಾಜುಕಿಚ್ ಮೂವತ್ತೊಂದು ಸಿನಿಮಾಗಳಲ್ಲಿ ಸತ್ತಿದ್ದ. ಸೇತುವೆಯಿಂದ ಬಿದ್ದು, ಕುದುರೆಯಿಂದ ಉರುಳಿ, ಒಮ್ಮೆಯಂತೂ ಬೀಟ್‌ರೂಟ್ ತುಂಬಿದ ಲಾರಿಯ ಮೇಲೆ ಮಕಾಡೆ ಬಿದ್ದು. ಪ್ರತಿ ಸಲವೂ ಮೈಮೇಲೆ ಜರ್ಮನ್ ಅಧಿಕಾರಿಯ ಸಮವಸ್ತ್ರವೇ. ಪಾಂಚೆವೊದ ಕ್ಷೌರಿಕನ ಮಗ. ಹೊಂಬಣ್ಣದ ಕೂದಲು, ನೀಲಿ ಕಣ್ಣು, ನೆಟ್ಟಗಿನ ಬೆನ್ನು. ನಾಟಕ ಶಾಲೆ ಮುಗಿಸಿ ಬೆಲ್‌ಗ್ರೇಡಿನ ಸ್ಟುಡಿಯೋಕ್ಕೆ ಕಾಲಿಟ್ಟ ದಿನವೇ ಯಾರೋ ಅವನ ತಲೆಗೆ ಆ ಟೋಪಿ ಇಟ್ಟರು. ಇಪ್ಪತ್ತೆರಡು ವರ್ಷ ಅದು ಇಳಿಯಲೇ ಇಲ್ಲ.

ಎರಡನೇ ಮಹಾಯುದ್ಧದ ಸಿನಿಮಾ ಬಿಟ್ಟರೆ ಬೇರೆ ಸಿನಿಮಾವೇ ಇಲ್ಲವೇನೋ ಎಂಬಂತೆ ತೆಗೆಯುತ್ತಿದ್ದ ಕಾಲ, ಕೆಲಸಕ್ಕೇನೂ ಕೊರತೆಯಿರಲಿಲ್ಲ. ಆದರೆ ಸಂತೆಯಲ್ಲಿ ಹೆಂಗಸರು ಅವನಿಗೆಂದೇ ಬಾಡಿದ ಮೆಣಸಿನಕಾಯಿ ಆರಿಸಿ ಕೊಡುತ್ತಿದ್ದರು. ಟ್ರಾಮಿನಲ್ಲಿ ಒಬ್ಬ ಮುದುಕ ಅವನ ಪಕ್ಕದಿಂದ ಎದ್ದು, ಕೊನೆಯ ನಿಲ್ದಾಣದವರೆಗೂ ನಿಂತೇ ಹೋದ. "ನಿನ್ನ ಮುಖವೇ ನಿನ್ನ ಅನ್ನ, ಸುಮ್ನಿರು" ಎನ್ನುತ್ತಿದ್ದಳು ಹೆಂಡತಿ. ಅವನಿಗೆ ಮಾತ್ರ ಒಳಗೊಳಗೇ ಒಂದೇ ಆಸೆ: ಒಂದು ಸಲವಾದರೂ ತನ್ನ ಜನರಲ್ಲಿ ಒಬ್ಬನಾಗಿ ನಿಲ್ಲಬೇಕು.

ಅಂಥ ಪಾತ್ರ ಸಿಕ್ಕಿದ್ದು ನಲವತ್ತೇಳನೆಯ ವಯಸ್ಸಿನಲ್ಲಿ. ಹಳ್ಳಿಯ ಶಾಲೆಯ ಮೇಷ್ಟ್ರು. ಜರ್ಮನ್ ಸೈನ್ಯದಿಂದ ಮಕ್ಕಳನ್ನು ಕಾಡಿನಲ್ಲಿ ಬಚ್ಚಿಟ್ಟು ಕಾಪಾಡುವವನು. ನಿರ್ದೇಶಕ ಗ್ರಾದಿಮಿರ್ ನಾಟಕ ಶಾಲೆಯ ಗೆಳೆಯ. ಸ್ಟುಡಿಯೋದವರು "ಆ ಜರ್ಮನ್ನನ್ನ ಮೇಷ್ಟ್ರು ಮಾಡ್ತೀಯಾ?" ಎಂದು ನಕ್ಕರೂ ಹಟ ಹಿಡಿದು ಅವನನ್ನೇ ಕರೆತಂದಿದ್ದ. ವಾಲ್ಯೆವೊ ಗುಡ್ಡಗಳ ಒಂದು ಹಳ್ಳಿಯಲ್ಲಿ ಚಿತ್ರೀಕರಣ. ಹೆಂಗಸರ ಪಾತ್ರಕ್ಕೆ ಆ ಊರಿನ ಹೆಂಗಸರೇ.

ಹಸಿದ ಮೇಷ್ಟ್ರು ಕಾಡಿನಿಂದ ಬರುತ್ತಾನೆ, ಒಬ್ಬ ಅಜ್ಜಿ ಬೇಲಿಯಾಚೆಯಿಂದ ರೊಟ್ಟಿ ಕೊಡುತ್ತಾಳೆ. ಇಷ್ಟೇ ದೃಶ್ಯ. ಅಜ್ಜಿಯಾಗಿದ್ದವಳು ಸ್ತಾಮೆನಾ. ಅಭ್ಯಾಸಕ್ಕೆಂದು ಒಮ್ಮೆ ಕೊಟ್ಟಳು. ಎರಡನೆಯ ಸಲ ರೊಟ್ಟಿಯನ್ನು ಮಡಿಲಿಗೆ ಹಾಕಿಕೊಂಡು, "ಇವನಿಗೆ ನಾನು ರೊಟ್ಟಿ ಕೊಡಲ್ಲ" ಎಂದವಳೇ ಮನೆಗೆ ನಡೆದುಬಿಟ್ಟಳು. ಅವಳ ಹಿಂದೆ ಉಳಿದ ಹೆಂಗಸರೂ ಹೋದರು.

"ಬೇರೆ ಅಜ್ಜಿನ ಕರೆಸು" ಎಂದ ವೊಯಿನ್.

"ಯಾವ ಅಜ್ಜಿನ? ಕೋಳಿಮರಿ ಥರ ಎಲ್ರೂ ಅವಳ ಹಿಂದೇನೇ ಹೋದ್ರಲ್ಲ, ನೋಡ್ಲಿಲ್ವಾ?" ಗ್ರಾದಿಮಿರ್ ತಲೆ ಕೆರೆದುಕೊಂಡ. "ನೋಡೋ, ನಾಳೆ ನಾನು ಮಂಜು, ಮರ ಅಂತ ಏನಾದ್ರೂ ತೆಗೀತೀನಿ. ನಾಡಿದ್ದು ಬೆಳಿಗ್ಗೆಗೆ ಅವಳು ಬರದಿದ್ರೆ ಬೆಲ್‌ಗ್ರೇಡಿಗೆ ಫೋನ್ ಮಾಡಿ ಇನ್ನೊಬ್ಬ ಮೇಷ್ಟ್ರನ್ನ ಕರೆಸ್ಬೇಕು. ಊರೋರೇ ನಂಬದ ಮುಖಾನ ಟಾಕೀಸಲ್ಲಿ ಯಾರು ನಂಬ್ತಾರೆ?"

ಮರುದಿನ ಮಧ್ಯಾಹ್ನ ವೊಯಿನ್ ಗುಡ್ಡ ಹತ್ತಿದ. ಸ್ತಾಮೆನಾಳ ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಬಿಳಿ ಬಟ್ಟೆ, ಉರಿಯುವ ಮೇಣದಬತ್ತಿ, ಹಬ್ಬದ ದುಂಡನೆಯ ರೊಟ್ಟಿ. ಆಗ ಹೊಳೆಯಿತು: ಇವತ್ತು ಸಂತ ದಿಮಿತ್ರಿಯ ದಿನ, ಈ ಮನೆಯ ಸ್ಲಾವಾ, ಕುಲದ ಸಂತನ ಹಬ್ಬ. ಆ ದಿನ ಯಾರನ್ನೂ ಕರೆಯುವುದಿಲ್ಲ. ಬಂದವರನ್ನು ಯಾರೂ ಹೊರಗೆ ಹಾಕುವುದೂ ಇಲ್ಲ. ಅವನಿಗೆ ನಾಚಿಕೆಯಾಯಿತು.

"ಅಜ್ಜಿ, ದೇವರಾಣೆ ಗೊತ್ತಿರ್ಲಿಲ್ಲ. ನಾಳೆ ಬರ್ತೀನಿ."

"ಗೊತ್ತಿದ್ದೇ ಬಂದ್ಯೇನೋ ಅಂದ್ಕೊಂಡೆ. ಅಷ್ಟು ಬುದ್ಧಿ ಇಲ್ಲ ಅಂತಾಯ್ತು" ಎಂದಳು ಸ್ತಾಮೆನಾ. "ಬಾ ಒಳಗೆ. ಹಬ್ಬದ ದಿನ ಹೊಸಿಲಿಂದ ವಾಪಸ್ ಕಳಿಸಿದ್ಲು ಅಂತ ನಮ್ಮ ಮಾವ ಗೋರಿಯಿಂದ ಎದ್ದು ಬಂದು ಬೈತಾನೆ."

ಸಕ್ಕರೆ, ಅಕ್ರೋಟ ಬೆರೆಸಿದ ಬೆಂದ ಗೋಧಿಯನ್ನು ಮುಂದಿಟ್ಟಳು. ಅವನು ಶಿಲುಬೆಯ ಗುರುತು ಮಾಡಿಕೊಂಡು ಒಂದು ಚಮಚ ತಿಂದ. ಪ್ಲಮ್ ಬ್ರಾಂದಿ ಬಂತು. ಇಬ್ಬರೂ ಕುಡಿದರು.

"ನನ್ನ ಸಿನಿಮಾಗಳು ನಿಮಗೆ ನೋವು ಕೊಟ್ಟಿದ್ರೆ..." ಎಂದು ಶುರುಮಾಡಿದ.

"ಯಾವ ಸಿನಿಮಾ? ನಾನು ಸಿನಿಮಾನೇ ನೋಡಿಲ್ಲ. ಟಾಕೀಸಿಗೆ ಹೋಗೋಕೆ ನನಗೇನು ಹಸು ಕರೆಯೋ ಕೆಲಸ ಇಲ್ವಾ?"

ವೊಯಿನ್ ಚಮಚ ಕೆಳಗಿಟ್ಟ. "ಹಾಗಾದ್ರೆ ನನ್ನ ಮುಖ ಕಂಡ್ರೆ ಯಾಕೆ ಕೋಪ?"

"ಮುಖಕ್ಕೇನಾಗಿದೆ? ಒಳ್ಳೇ ಮುಖಾನೇ. ಕೈ." ಅವಳು ಎರಡು ಬೆರಳು ಚಾಚಿದಳು. "ನಲವತ್ತೆರಡನೇ ಇಸ್ವೀಲಿ, ಯುದ್ಧದ ಕಾಲ, ಒಬ್ಬ ಜರ್ಮನ್ ಅಧಿಕಾರಿ ಬಂದಿದ್ದ, ಕೈಗವಸು ಹಾಕ್ಕೊಂಡು. ಮಕ್ಕಳಿಗೆ ಅಂತ ಇಟ್ಟಿದ್ದ ರೊಟ್ಟಿನ ಹೀಗೆ, ಎರಡೇ ಬೆರಳಲ್ಲಿ ಎತ್ಕೊಂಡ. ನನ್ನ ತಲೆ ಮೇಲೆ ಎಲ್ಲೋ ನೋಡ್ತಿದ್ದ. ನೀನೂ ಥೇಟ್ ಹಾಗೇ ತಗೊಂಡೆ."

ಗಡ್ಡ ಬೆಳೆಸಿದ್ದ, ಎಂಟು ಕಿಲೋ ತೂಕ ಇಳಿಸಿದ್ದ, ಮೇಷ್ಟ್ರ ಹಾಗೆ ಬೆನ್ನು ಬಾಗಿಸುವುದನ್ನು ತಿಂಗಳುಗಟ್ಟಲೆ ಕಲಿತಿದ್ದ. ಕೈಯ ನೆನಪೇ ಆಗಿರಲಿಲ್ಲ. ಅದು ಮಾತ್ರ ಹಳೆಯ ಸಮವಸ್ತ್ರದೊಳಗೇ ಉಳಿದುಬಿಟ್ಟಿತ್ತು. ಅವನು ತನ್ನ ಬೆರಳುಗಳನ್ನೇ ನೋಡುತ್ತ ಕೂತ.

"ನೋಡ್ತಾ ಕೂತ್ರೆ ಆಗಲ್ಲ, ಏಳು" ಎಂದಳು. "ಪಾದ್ರಿ ಹಬ್ಬದ ರೊಟ್ಟಿಗೆ ವೈನ್ ಹಾಕಿ, ಆಶೀರ್ವಾದ ಮಾಡಿ ಹೋಗಿ ಎಷ್ಟು ಹೊತ್ತಾಯ್ತು. ಇದನ್ನ ಒಬ್ಬಳೇ ಮುರಿಯೋ ಹಾಗಿಲ್ಲ, ಇನ್ನೊಂದು ಜೊತೆ ಕೈ ಬೇಕು. ಮೈದುನ ಪ್ಲಮ್ ಮರದಿಂದ ಬಿದ್ದು ಕಾಲು ಮೇಲೆತ್ತಿ ಮಲಗಿದಾನೆ. ಹಿಡಿ ಆ ಕಡೆ."

ಅವನು ಹಿಡಿದ.

"ಹಾವು ಹಿಡಿದ ಹಾಗೆ ಹಿಡೀಬೇಡ್ವೋ! ರೊಟ್ಟಿ ಅದು, ಕಚ್ಚಲ್ಲ."

ಇಬ್ಬರೂ ಸೇರಿ ರೊಟ್ಟಿಯನ್ನು ಮೂರು ಸುತ್ತು ತಿರುಗಿಸಿದರು. ಅವಳ ಒರಟು ಹೆಬ್ಬೆರಳು ಅವನ ಹೆಬ್ಬೆರಳಿಗೆ ತಾಗುತ್ತಿತ್ತು. ಎಳೆದರು. ಮುರಿಯಿತು. ಅವನ ಕಡೆಯ ಒಂದು ಚೂರು ನೆಲಕ್ಕೆ ಬಿತ್ತು. ವೊಯಿನ್ ಥಟ್ಟನೆ ಬಗ್ಗಿ ಎತ್ತಿ, ಮುತ್ತಿಟ್ಟು ಬಾಯಿಗೆ ಹಾಕಿಕೊಂಡ. ರೊಟ್ಟಿ ಬಿದ್ದಾಗ ಅವನ ತಾಯಿಯೂ ಹಾಗೇ ಮಾಡುತ್ತಿದ್ದಳು.

"ಹಾಂ, ಅದು" ಎಂದಳು ಸ್ತಾಮೆನಾ.

"ಯಾವುದು?"

"ಕೇಳ್ಬೇಡ. ಕೇಳಿದ್ರೆ ಕೈ ಮರೆತುಬಿಡುತ್ತೆ. ತಿನ್ನು."

ಮರುದಿನ ಬೆಳಿಗ್ಗೆ ಅವಳು ಬಂದಳು, ಹೆಂಗಸರೂ ಬಂದರು. ಚಿತ್ರತಂಡದ ಒಣಕಲು ರೊಟ್ಟಿಯನ್ನು ಪಕ್ಕಕ್ಕೆ ತಳ್ಳಿ, ತಾನು ಸುಟ್ಟ ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಕ್ಯಾಮೆರಾ ಓಡಿತು. ಬೇಲಿಯಾಚೆಯಿಂದ ಕೊಟ್ಟಳು. ವೊಯಿನ್‌ಗೆ ಕೈಯ ಯೋಚನೆ ಬರಲಿಲ್ಲ. ಅವಳ ಮುಖ ನೋಡುತ್ತಿದ್ದ. ಎರಡೂ ಅಂಗೈ ತಾವಾಗಿ ರೊಟ್ಟಿಯ ಕೆಳಗೆ ಹೋದವು.

"ಕಟ್!" ಗ್ರಾದಿಮಿರ್ ಕೂಗಿದ. "ಚೆನ್ನಾಗಿತ್ತು. ಇನ್ನೊಂದೇ ಒಂದು ಸಲ..."

"ಇನ್ನೊಂದು ಸಲ ಯಾಕೆ?" ಸ್ತಾಮೆನಾ ಸೊಂಟಕ್ಕೆ ಕೈಯಿಟ್ಟಳು. "ಕೊಟ್ಟಿದ್ದು ಕೊಟ್ಟಾಯ್ತು, ವಾಪಸ್ ಇಸ್ಕೊಳ್ಳಲಾ? ಮೇಷ್ಟ್ರು ಹಸ್ಕೊಂಡಿದಾರೆ. ಮೊದಲು ಅವರು ತಿನ್ಲಿ."

ಗ್ರಾದಿಮಿರ್ ಅವಳನ್ನು ನೋಡಿದ, ವೊಯಿನ್‌ನನ್ನು ನೋಡಿದ. ಆಮೇಲೆ ಸಹಾಯಕಿಯ ಕಡೆ ತಿರುಗಿ, "ಬೆಲ್‌ಗ್ರೇಡಿಗೆ ಫೋನ್ ಬೇಡ" ಎಂದ.

ವೊಯಿನ್ ಬೇಲಿಗೆ ಒರಗಿ ರೊಟ್ಟಿ ಮುರಿದ. ಒಳಗಿನಿಂದ ಆವಿ ಎದ್ದಿತು.