ದೇವಮಾತೆಯ ಮುಂದಿನ ಇನ್ನೂರು ಕುಂಡ

ಮೆಕ್ಸಿಕೊದ ಸೊಚಿಮಿಲ್ಕೊದಲ್ಲಿ ಕಾಲುವೆಯಂಚಿನ ನಮ್ಮ ನರ್ಸರಿಯಲ್ಲಿ, ಕ್ರಿಸ್‌ಮಸ್‌ಗೆ ಮನೆಮನೆಯಲ್ಲೂ ಇಡುವ ನೊಚೆಬ್ವೇನಾ ಗಿಡದ ಎಲೆಗಳು ಡಿಸೆಂಬರಿನೊಳಗೆ ಕೆಂಪಾಗಬೇಕು. ಆಗದಿದ್ದರೆ ಅದನ್ನು ಯಾರೂ ಗಿಡವೆಂದೇ ಲೆಕ್ಕಿಸುವುದಿಲ್ಲ. ಆ ವರ್ಷ ಉಸ್ತುವಾರಿ ಮೊದಲ ಸಲ ನನ್ನ ಕೈಗೆ ಬಂದಿತ್ತು. ಚರ್ಚಿನವರು ಡಿಸೆಂಬರ್ ಹನ್ನೆರಡರ ದೇವಮಾತೆಯ ಹಬ್ಬಕ್ಕೆ ಇನ್ನೂರು ಕುಂಡ ಹೇಳಿದ್ದರು.

"ಅವು ಕೆಂಪಾಗ್ದಿದ್ರೆ ಜನವರಿಯಿಂದ ನರ್ಸರೀನ ಉಬಾಲ್ದೊ ನೋಡ್ಕೋತಾನೆ," ಎಂದಳು ಒಡತಿಯಾದ ನನ್ನ ಚಿಕ್ಕಮ್ಮ ಎರ್ಲಿಂದಾ. ಉಬಾಲ್ದೊ ಅವಳ ಮಗ.

ಸೆಪ್ಟೆಂಬರಿನಲ್ಲೇ ಏಳುನೂರು ಗಿಡಗಳಲ್ಲಿ ಚೆಂದದ ಇನ್ನೂರನ್ನು ಆರಿಸಿ, ಆಶೀರ್ವಾದ ಸಿಗಲೆಂದು ಅಂಗಳದ ದೇವಮಾತೆಯ ಗೂಡಿನ ಮುಂದೆ ಇಟ್ಟೆ.

ನವೆಂಬರ್ ಕೊನೆಗೆ ಉಳಿದ ಐನೂರೂ ಕೆಂಪಾಗಿ ಮಾರಾಟವಾದವು. ಚರ್ಚಿನವು ಹಸಿರಾಗಿಯೇ ನಿಂತಿದ್ದವು. ಗೊಬ್ಬರ ಬದಲಿಸಿದೆ. ಕಣ್ಣು ಬಿದ್ದಿದೆ ಎಂದಳು ಅಜ್ಜಿ. ಇನ್ನೂರಕ್ಕೂ ಕೆಂಪು ದಾರ ಕಟ್ಟಿದೆ.

"ದಾರವಾದ್ರೂ ಕೆಂಪಗಿದೆ ಬಿಡು," ಎಂದ ಉಬಾಲ್ದೊ.

ಕೊನೆಯ ದಾರ ಕಟ್ಟಿ ಎದ್ದಾಗ ಗೂಡಿನ ಬಲ್ಬು ತಲೆಗೆ ತಗುಲಿತು. ಮಂಡಿನೋವು ಹೋದದ್ದಕ್ಕೆ ಅಜ್ಜಿ ಸೆಪ್ಟೆಂಬರಿನಲ್ಲಿ ಹರಕೆಯಾಗಿ ಹಾಕಿಸಿದ್ದು. ಹಬ್ಬದ ತನಕ ಆರುವಂತಿಲ್ಲ. ಕತ್ತಲಾದ ಮೇಲೆ ನಕ್ಷತ್ರಗಳು ಈ ಗಿಡಗಳ ಕಿವಿಯಲ್ಲಿ ಏನೋ ಹೇಳುತ್ತವೆ, ಅದಕ್ಕೇ ನಾಚಿ ಕೆಂಪಾಗುತ್ತವೆ ಎಂದು ಅಜ್ಜಿಯೇ ನನಗೆ ಕಥೆ ಹೇಳಿದವಳು. ರಾತ್ರಿ ಬೆಳಕು ಬಿದ್ದರೆ ಅವು ಕೆಂಪಾಗವೆಂದು ಇಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಆದರೆ ದೇವಮಾತೆಯ ಬೆಳಕನ್ನು ನಾವ್ಯಾರೂ ಕರೆಂಟು ಎಂದುಕೊಂಡಿರಲಿಲ್ಲ.

"ಅಜ್ಜೀ, ಎಲ್ಲಾ ನಿನ್ ಬಲ್ಬಿಂದಾನೇ ಆಗಿದ್ದು."

"ಆರಿಸ್ಬಿಟ್ರೆ ನನ್ ಮಂಡಿಗೆ ಯಾರೇ ಜವಾಬ್ದಾರಿ?"

ಆರಿಸಿಯೂ ಫಲವಿರಲಿಲ್ಲ. ಕೆಂಪಾಗಲು ಎರಡು ತಿಂಗಳು ಬೇಕು, ಉಳಿದಿದ್ದುದು ಹತ್ತು ದಿನ.

ಹಬ್ಬದ ಮುನ್ನಾದಿನ ಬೆಳಿಗ್ಗೆ ಚರ್ಚಿನ ಸಮಿತಿಯ ಡೋನ್ಯಾ ಪೆತ್ರಾ ದೋಣಿ ತಂದರು. ಗಿಡಗಳನ್ನು ನೋಡಿದರು, ನನ್ನನ್ನು ನೋಡಿದರು.

"ಏನಮ್ಮಾ ಇದು, ಸೊಪ್ಪಾ?"

ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಒಂದು ಹಸಿರೆಲೆ ಮುಟ್ಟಿ, ಗೂಡಿನ ಬಲ್ಬಿನ ಕಡೆ ನೋಡಿದರು.

"ಅಂದ್ರೆ ಇವು ಮೂರು ತಿಂಗಳು ತಾಯಿ ಮುಂದೆ ನಿದ್ದೆಗೆಟ್ಟು ಕೂತಿದಾವೆ."

"ಹೂಂ."

"ಕೆಂಪಿನವು ಎಲ್ಲಾ ಚರ್ಚಲ್ಲೂ ಇರ್ತವೆ," ಎಂದು ಶಿಲುಬೆಯ ಗುರುತು ಮಾಡಿಕೊಂಡರು. "ಇವು ಬಲಿಪೀಠದ ಮುಂದೇನೇ ಇರ್ಲಿ. ಬರೋ ವರ್ಷಾನೂ ಇಂಥವೇ ಬೇಕು, ಈ ಹುಡುಗೀನೇ ಬೆಳೀಲಿ. ಬೇರೆಯವ್ರು ಕೆಂಪು ಮಾಡ್ಬಿಡ್ತಾರೆ."

ಚಿಕ್ಕಮ್ಮ ಒಂದು ಕ್ಷಣ ಯೋಚಿಸಿ, ಕುಂಡಗಳನ್ನು ದೋಣಿಗೇರಿಸಲು ಉಬಾಲ್ದೊಗೆ ಹೇಳಿದಳು. ಅವನು ಎರಡೆರಡಾಗಿ ಹೊತ್ತ. ನಾನು ದಡದಲ್ಲಿ ನಿಂತು, ಉಸ್ತುವಾರಿಯವರು ಹೇಳುವಂತೆ, ಮೆಲ್ಲಗೆ ಇಡು ಎನ್ನುತ್ತಿದ್ದೆ.