ಕೊಸರಿನ ಪ್ರಯೋಗ

ದೀಪಶ್ರೀ ತೂಕ ಹಾಕಿದಳೆಂದರೆ ಅದು ತಪ್ಪುವ ಮಾತೇ ಇರಲಿಲ್ಲ. ಹುರಿಗಾಳು ನಾನೂರು ಗ್ರಾಂ, ಅದರ ಕವರು ಎಂಟು, ರಟ್ಟಿನ ಡಬ್ಬಿ ಐವತ್ತೈದು, ಒಳಗಿಡುವ ಕಾರ್ಡು ಮತ್ತು ಕರಪತ್ರ ಮೂವತ್ತೊಂದು. ಒಟ್ಟು ನಾನೂರ ತೊಂಬತ್ತನಾಲ್ಕು. ಐನೂರು ದಾಟಿದರೆ ಕೊರಿಯರ್‌ನವರು ಒಂದು ಕೆಜಿಯ ದರ ಹಾಕುತ್ತಾರೆ. ಹಾಗಾಗಿ ಆರೇ ಆರು ಗ್ರಾಂ ಕೈಯಲ್ಲಿಟ್ಟುಕೊಂಡು ಅವಳು ಇಡೀ ಆನ್‌ಲೈನ್ ವ್ಯಾಪಾರ ಕಟ್ಟಿದ್ದಳು. ಕೆಮಿಸ್ಟ್ರಿ ಎಂಎಸ್ಸಿ ಮಾಡಿದವಳು. ಲ್ಯಾಬಿನ ಶಿಸ್ತು ಅವಳ ಜೊತೆಗೇ ಅಜ್ಜಂಪುರದ ಈ ಮನೆಯ ನಡುಮನೆಗೂ ಬಂದಿತ್ತು.

ಅಂಥವಳಿಗೆ ಒಂದೇ ವಾರದಲ್ಲಿ ಹದಿನೇಳು ಡಬ್ಬಿಗೆ ಹೆಚ್ಚುವರಿ ತೂಕದ ಬಿಲ್ಲು ಬಂದರೆ ಹೇಗಾಗಬೇಡ? ತನ್ನ ತೂಕದ ಯಂತ್ರವನ್ನೇ ಬ್ಯಾಗಿಗೆ ಹಾಕಿಕೊಂಡು ತರೀಕೆರೆಯ ಬಸ್ಸು ಹತ್ತಿದಳು.

"ನಿಮ್ಮ ಸ್ಕೇಲು ಸರಿಯಿಲ್ಲ ಪರಮೇಶ್."

ಕೊರಿಯರ್ ಆಫೀಸಿನ ಪರಮೇಶ ಅವತ್ತಿನ ಡಬ್ಬಿಯೊಂದನ್ನು ತಂದಿಟ್ಟ. ಅವನ ಸ್ಕೇಲಿನಲ್ಲಿ ಐನೂರ ಹತ್ತೊಂಬತ್ತು. ದೀಪಶ್ರೀ ತನ್ನದರ ಮೇಲಿಟ್ಟಳು. ಐನೂರ ಹತ್ತೊಂಬತ್ತು.

"ಎರಡೂ ಒಟ್ಟಿಗೇ ಕೆಟ್ಟೋಗಿರ್ಬೇಕು ಬಿಡಕ್ಕಾ" ಎಂದು ಅವನು ಗೋಡೆಯ ಕಡೆ ತಿರುಗಿ ನಕ್ಕ.

ಅವಳು ಅಲ್ಲೇ ಟೇಪು ಕತ್ತರಿಸಿ ಡಬ್ಬಿ ಬಿಚ್ಚಿದಳು. ಕಾರ್ಡಿನ ಕೆಳಗೆ ಹಳೇ ನ್ಯೂಸ್‌ಪೇಪರಿನ ಒಂದು ಪುಟ್ಟ ಪೊಟ್ಟಣ ಅವಿತು ಕುಳಿತಿತ್ತು. ಒಳಗೆ ಒಂದು ಹಿಡಿ ಹುರಿಗಾಳು. ಅದಕ್ಕೆ ಸುತ್ತಿದ ಬಿಳಿ ದಾರದ ಗಂಟು ನೋಡಿದ್ದೇ ಕೈ ಯಾರದೆಂದು ಗೊತ್ತಾಯಿತು.

ಅತ್ತೆ ವಿಮಲಮ್ಮ ಮೂವತ್ತು ವರ್ಷ ಸಂತೆಯಲ್ಲಿ ಹುರಿಗಾಳು ಮಾರಿದವರು. ಕಡಲೆ, ಹೆಸರು, ಅಲಸಂದೆ ನೆನೆಸಿ, ಮರಳಲ್ಲಿ ಹುರಿದು, ಉಪ್ಪುಖಾರ ಹಚ್ಚುವ ಅವರ ಹದಕ್ಕೆ ಊರೇ ಮನಸೋತಿತ್ತು. ಮಂಡಿನೋವಿನಿಂದ ಸಂತೆ ಬಿಟ್ಟಿದ್ದರು. ಹೋದ ವಾರದಿಂದ ಡಬ್ಬಿ ತುಂಬುವ ಕೆಲಸಕ್ಕೆ ತಾವಾಗಿಯೇ ಬಂದು ಕೂತಿದ್ದರು.

ದೀಪಶ್ರೀ ಮನೆಗೆ ಬಂದು ಪೊಟ್ಟಣವನ್ನು ಅವರ ಮುಂದಿಟ್ಟಳು. "ಅತ್ತೆ, ಇದೇನು?"

"ಕೊಸರು." ಉಪ್ಪು ತೋರಿಸಿ ಏನೆಂದು ಕೇಳಿದವರಿಗೆ ಹೇಳುವ ಹಾಗಿತ್ತು ಉತ್ತರ.

"ಯಾರು ಕೇಳಿದ್ರು ಇದನ್ನ?"

"ಕೇಳಿಸ್ಕೊಂಡು ಕೊಟ್ರೆ ಅದು ಕೊಸರೇನೇ? ತೂಗಿ ಆದ್ಮೇಲೆ ಮೇಲೊಂದು ಹಿಡಿ ಹಾಕ್ದೆ ಕಳ್ಸೋಕೆ ನಾವೇನು ಔಷಧಿ ಅಂಗಡಿ ಇಟ್ಟಿದೀವಾ?"

"ಅವ್ರೆಲ್ಲ ಎಲ್ಲೆಲ್ಲೋ ಇರೋರು ಅತ್ತೆ. ಕೊಸರು ಅಂದ್ರೇನು ಅಂತಾನೂ ಗೊತ್ತಿರಲ್ಲ."

"ಬಾಯಿಗೆ ಗೊತ್ತಾಯ್ತದೆ ಬಿಡೇ."

ದೀಪಶ್ರೀಗೆ ನಗು ಬರಲಿಲ್ಲ, ಏಕೆಂದರೆ ವ್ಯಾಪಾರ ಏದುಸಿರು ಬಿಡುತ್ತಿತ್ತು. ಜಾಹೀರಾತು ನೋಡಿ ಮೊದಲ ನೂರು ಜನ ಕೊಂಡಿದ್ದರು. ಎರಡನೇ ಸಲ ಬಂದವರು ಏಳು ಮಂದಿ. ಮಾರ್ಕೆಟಿಂಗ್ ವಿಡಿಯೋಗಳು ಹೇಳಿದ್ದನ್ನೆಲ್ಲ ಅವಳು ಮಾಡಿದ್ದಳು. ದಪ್ಪ ಕಾಗದದ ಮೇಲೆ 'ನಮ್ಮ ಕುಟುಂಬಕ್ಕೆ ಸ್ವಾಗತ' ಎಂಬ ಕಾರ್ಡು, ಕರಪತ್ರದಲ್ಲೇ ರಿಯಾಯಿತಿಯ ಕೂಪನ್, ಹುಟ್ಟುಹಬ್ಬಕ್ಕೆ ಶುಭಾಶಯದ ಮೆಸೇಜು. ಯಾರೂ ಜಗ್ಗಲಿಲ್ಲ. ಇತ್ತ ಕಡೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಕಾದಿತ್ತು. ಮುಂದಿನ ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕಿತ್ತು. ಗಿರಾಕಿಗಳು ಮರಳದಿದ್ದರೆ 'ವಿಮಲಮ್ಮನ ಹುರಿಗಾಳು' ಎಂದು ತಾನೇ ಆಸೆಪಟ್ಟು ಅಚ್ಚು ಹಾಕಿಸಿದ ಲೇಬಲ್ಲನ್ನು ಕಟ್ಟಿ ಅಟ್ಟಕ್ಕೆ ಹಾಕಬೇಕು. ಅದು ಅತ್ತೆಗೂ ಗೊತ್ತಿತ್ತು.

"ನಂಬಿಕೆ ಬೇರೆ, ಪುರಾವೆ ಬೇರೆ ಅತ್ತೆ. ಪರೀಕ್ಷೆ ಮಾಡೋಣ. ಮುಂದಿನ ನಲವತ್ತು ಡಬ್ಬೀಲಿ ಬೆಸಸಂಖ್ಯೆಯವಕ್ಕೆ ಮಾತ್ರ ಕೊಸರು ಹಾಕಿ. ಸಮಸಂಖ್ಯೆಗೆ ಬೇಡ. ಯಾರು ಜಾಸ್ತಿ ವಾಪಸ್ ಬರ್ತಾರೆ ನೋಡೋಣ. ವ್ಯತ್ಯಾಸ ಇಲ್ದಿದ್ರೆ ಕೊಸರು ಬಂದ್."

"ಬೆಸ ಅಂದ್ರೆ ಒಂದು, ಮೂರು, ಐದು ತಾನೆ?"

"ಹೂಂ."

"ಸರಿ ಕಣಮ್ಮ. ನೀನು ಓದಿದೋಳು."

ಅಷ್ಟು ಸುಲಭಕ್ಕೆ ಒಪ್ಪಿದ್ದೇ ಅನುಮಾನಕ್ಕೆ ಸಾಲುವಂತಿತ್ತು. ಆದರೆ ದೀಪಶ್ರೀಯ ಗಮನ ಬೇರೆ ಕಡೆ ಇತ್ತು. ಎಲ್ಲ ಡಬ್ಬಿಗಳೂ ಒಂದೇ ರೀತಿ ತಲುಪಬೇಕೆಂದು, ಈ ನಲವತ್ತನ್ನೂ ತೂಗದೆ ಒಂದು ಕೆಜಿ ದರದಲ್ಲೇ ಕಳಿಸುವಂತೆ ಪರಮೇಶನಿಗೆ ಹೇಳಿದಳು.

ತಿಂಗಳು ಮುಗಿಯುತ್ತ ಬಂದಾಗ ಎಣಿಸಿದಳು. ಬೆಸದವರಲ್ಲಿ ಎಂಟು ಜನ ಮತ್ತೆ ಆರ್ಡರ್ ಮಾಡಿದ್ದರು. ಸಮದವರಲ್ಲಿ ಏಳು.

"ಏನೂ ವ್ಯತ್ಯಾಸ ಇಲ್ಲ ಅತ್ತೆ. ನಾಳೆಯಿಂದ ಕೊಸರು ನಿಲ್ಸೋಣ."

ಮೊರದಲ್ಲಿ ಕಡಲೆ ಆರಿಸುತ್ತಿದ್ದ ವಿಮಲಮ್ಮ ಮೊರವನ್ನು ಆ ಕಡೆ ತಿರುಗಿಸಿಕೊಂಡರು. "ಹೂಂ" ಎಂದು ಮತ್ತೆ ಆರಿಸತೊಡಗಿದರು.

ಆದರೆ ದೀಪಶ್ರೀಗೇ ಸಮಾಧಾನವಾಗಲಿಲ್ಲ. ಮೊದಲು ನೂರಕ್ಕೆ ಏಳು ಇದ್ದದ್ದು ಈಗ ನಲವತ್ತಕ್ಕೆ ಹದಿನೈದು! ರುಚಿ ಅದೇ, ಬೆಲೆ ಅದೇ. ಕೂಪನ್ನಿನ ಮಹಿಮೆಯೋ ಎಂದು ನೋಡಿದರೆ ಹದಿನೈದರಲ್ಲಿ ಒಬ್ಬರೂ ಅದನ್ನು ಬಳಸಿರಲಿಲ್ಲ. ಅವಳು ಪೆನ್ನು ಕಚ್ಚುತ್ತ ಕೂತಿದ್ದಾಗ ಮೊಬೈಲಿಗೆ ಮೈಸೂರಿನ ನಯನ ಎಂಬವರ ಮೆಸೇಜು ಬಂತು.

'ಮೇಡಂ, ಹುರಿಗಾಳು ಮುಗೀತು, ಇನ್ನೊಂದು ಡಬ್ಬಿ ಕಳಿಸಿ. ಹಾಗೇ ಒಂದು ವಿನಂತಿ. ಪುಟ್ಟ ಪೊಟ್ಟಣದ ಪೇಪರಿನಲ್ಲಿ ಲಕ್ಕವಳ್ಳಿಯ ಹತ್ತಿರ ತಪ್ಪಿಸಿಕೊಂಡ ಎಮ್ಮೆಯ ಸುದ್ದಿ ಇದೆ, ಅರ್ಧಕ್ಕೇ ಹರಿದುಹೋಗಿದೆ. ಎಮ್ಮೆ ಸಿಕ್ಕಿತೇ? ನಮ್ಮ ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದಾರೆ.'

ದೀಪಶ್ರೀ ಪಟ್ಟಿ ನೋಡಿದಳು. ನಯನ, ಡಬ್ಬಿ ಸಂಖ್ಯೆ ಹದಿನಾಲ್ಕು.

"ಅತ್ತೇ! ಲಕ್ಕವಳ್ಳಿ ಎಮ್ಮೆ..."

"ಸಿಕ್ತಂತೆ ಕಣೇ, ಹಿನ್ನೀರಿನ ಹತ್ರ" ಎಂದುಬಿಟ್ಟರು ವಿಮಲಮ್ಮ. ಆಮೇಲೆ ನಾಲಿಗೆ ಕಚ್ಚಿಕೊಂಡರು.

"ಹದಿನಾಲ್ಕಕ್ಕೂ ಹಾಕಿದೀರಾ?"

"ಹದಿನಾಲ್ಕು, ಹದಿನಾರು, ಎಲ್ಲಕ್ಕೂ. ಮಠದ ದಾಸೋಹದಲ್ಲಿ ಒಬ್ರಿಗೆ ಬಡ್ಸಿ ಪಕ್ಕದೋರ ಎಲೆ ದಾಟ್ಕೊಂಡು ಹೋಯ್ತಾರೇನೇ? ಸಮಸಂಖ್ಯೆಯೋರು ಏನು ಪಾಪ ಮಾಡಿದ್ರು?"

"ನನ್ನ ಪ್ರಯೋಗಾನೇ ಹಾಳಾಯ್ತಲ್ಲ ಅತ್ತೆ!"

"ಅದ್ಕೇ ನಿಲ್ಸು ಅಂದಾಗ ಬಾಯಿ ಮುಚ್ಕೊಂಡಿದ್ದೆ. ಹೇಳಕ್ಕೆ ನಾಚ್ಕೆ ಆಯ್ತು."

ದೀಪಶ್ರೀ ಮೊದಲು ಹಣೆ ಹಿಡಿದುಕೊಂಡಳು, ಆಮೇಲೆ ಹೊಟ್ಟೆ. ನಕ್ಕು ಸುಸ್ತಾದ ಮೇಲೆ ಅವಳಿಗೆ ಹೊಳೆಯಿತು: ಕೊಸರಿಲ್ಲದ ಗುಂಪೊಂದು ಇತ್ತಲ್ಲ, ಅವಳೇ ತುಂಬಿ ಕಳಿಸಿದ ಮೊದಲ ನೂರು ಡಬ್ಬಿ! ಅವಳ ಪ್ರೊಫೆಸರು ಇದಕ್ಕೆ ಪೂರ್ತಿ ಅಂಕ ಕೊಡುತ್ತಿರಲಿಲ್ಲ, ನಿಜ. ಆದರೂ ಪಾಸು ಮಾಡುತ್ತಿದ್ದರು.

ಉಳಿದದ್ದು ತೂಕದ ತೊಡಕು. "ಹುರಿಗಾಳು ಇಪ್ಪತ್ತೈದು ಗ್ರಾಂ ಕಮ್ಮಿ ಮಾಡಿದ್ರೆ ಕೊಸರು ಹಿಡಿಯುತ್ತೆ" ಎಂದಳು.

"ಅವ್ರದ್ದನ್ನೇ ಕಿತ್ತು ಅವ್ರಿಗೇ ಕೊಟ್ಟಂಗಾಯ್ತು!"

ಸರಿ, ಬೇರೇನು ಕೀಳುವುದು? ಡಬ್ಬಿಯಲ್ಲಿದ್ದ ಒಂದೊಂದನ್ನೇ ಹೊರಗಿಟ್ಟು ನೋಡಿದಳು. ಕಾರ್ಡು ಮತ್ತು ಕರಪತ್ರ, ಮೂವತ್ತೊಂದು ಗ್ರಾಂ. 'ನಮ್ಮ ಕುಟುಂಬಕ್ಕೆ ಸ್ವಾಗತ' ಎಂಬುದನ್ನು ಇನ್ನೊಮ್ಮೆ ಓದಿ, ಎರಡರ ಕಟ್ಟನ್ನೂ ಎತ್ತಿ ಅಟ್ಟಕ್ಕೆ ಹಾಕಿದಳು. ಲೇಬಲ್ಲು ಕೆಳಗೇ ಉಳಿಯಿತು. ಕಾಲೇಜಿಗೆ ಫೋನು ಮಾಡಿ, ಬರಲಾಗುವುದಿಲ್ಲ ಎಂದಳು.

"ಪೇಪರು ಬೇಡ ಅತ್ತೆ, ಶಾಯಿ ತಿಂಡಿಗೆ ಹತ್ತುತ್ತೆ. ಬಿಳೀ ಕಾಗದದಲ್ಲಿ ಕಟ್ಟೋಣ."

"ಮತ್ತೆ ಎಮ್ಮೆ?"

ನಯನಳ ಪೊಟ್ಟಣದ ಹೊರಮೈ ಮೇಲೆ ದೀಪಶ್ರೀ ಪೆನ್ಸಿಲಿನಲ್ಲಿ ಬರೆದಳು: 'ಎಮ್ಮೆ ಸಿಕ್ಕಿತು. ಕ್ಷೇಮವಾಗಿದೆ.' ಆಮೇಲೆ ಅಭ್ಯಾಸಬಲದಿಂದ ಅದನ್ನು ತೂಗಲು ಹೋದಳು. ವಿಮಲಮ್ಮ ಸೆರಗಿನಿಂದ ತೂಕದ ಯಂತ್ರ ಮುಚ್ಚಿದರು.

"ಇದೊಂದನ್ನ ಮಾತ್ರ ತೂಗ್ಬೇಡ ಕಣೇ."

ಮರುದಿನ ತರೀಕೆರೆಯಲ್ಲಿ ಪರಮೇಶ ಆ ಡಬ್ಬಿಯನ್ನು ಸ್ಕೇಲಿನ ಮೇಲಿಟ್ಟ. ದೀಪಶ್ರೀ ಬಗ್ಗಿ ಅಂಕಿ ನೋಡಿದಳು. ಅತ್ತೆಯ ಹಿಡಿ ಖುಷಿಯಲ್ಲಿ ಸ್ವಲ್ಪ ದೊಡ್ಡದೇ ಆಗಿತ್ತು. ನಾನೂರ ತೊಂಬತ್ತೆಂಟು.

"ಇನ್ನೂ ಎರಡು ಗ್ರಾಂ ಜಾಗ ಐತಲ್ಲಕ್ಕಾ" ಎಂದ ಪರಮೇಶ.

"ಮೆತ್ತಗೆ ಮಾತಾಡಪ್ಪ" ಎಂದಳು ದೀಪಶ್ರೀ. "ನಮ್ಮತ್ತೆಗೆ ಗೊತ್ತಾದ್ರೆ ತುಂಬಿಸ್ಬಿಡ್ತಾರೆ."